ಕಾಕಾರಿಗೆ ಕಡ ಕೊಟ್ಟ ಕಿವಿ

ಹೋದ ವಾರ ಎದುರು ಮನೆಯ ಮಾಳಿಗೆಯ ಮೇಲೆ ಯಾರೋ ನೀರಿನ ಟ್ಯಾಂಕಿಗೆ ತೇಪೆ ಹಾಕುತ್ತಿದ್ದರು. ನಾನು ಆಫೀಸಿನಿಂದ ಬಂದು, ಸ್ಕೂಟಿ ನಿಲ್ಲಿಸಿ, ಹೆಲ್ಮೆಟ್ ತೆಗೆದದ್ದೇ ತಡ, ಆ ವಾಸನೆ ಮೂಗಿಗೆ ಬಡಿಯಿತು. ರೆಸಿನ್ ವಾಸನೆ. ಒಮ್ಮೆ ಹತ್ತಿದರೆ ಮರೆಯುವಂಥದ್ದಲ್ಲ ಅದು. ಸಿಹಿ ಅಂದರೆ ಸಿಹಿ ಅಲ್ಲ, ಔಷಧ ಅಂದರೆ ಔಷಧ ಅಲ್ಲ, ಗಂಟಲಲ್ಲಿ ಕೂತುಬಿಡುತ್ತದೆ. ತರಕಾರಿ ಚೀಲ ಹಿಡಿದುಕೊಂಡು ಗೇಟಿನ ಹತ್ತಿರವೇ ನಿಂತೆ. ಒಳಗೆ ಹೋಗಿ ಕುಕ್ಕರ್ ಇಡಬೇಕಿತ್ತು.

ಕಾಕಾ ನೆನಪಾದರು. ನೆನಪಾದರು ಅನ್ನುವುದೂ ಸುಳ್ಳೇ. ಮರೆತಿದ್ದರೆ ತಾನೇ ನೆನಪಾಗಲು...

ಕಾಕಾ ಅಂದರೆ ನಮ್ಮ ಬಾಜೂ ಮನೆಯವರು. ಬೆಳಗಾವಿ ಸದಾಶಿವನಗರದ ಈ ಓಣಿಗೆ ನಾನು ಮದುವೆಯಾಗಿ ಬಂದಾಗಿನಿಂದ ಅವರು ಕಾಕಾ, ಅವರ ಹೆಂಡತಿ ಕಾಕು. ರಕ್ತಸಂಬಂಧ ಏನೂ ಇಲ್ಲ. ಎರಡು ಮನೆಗಳ ನಡುವೆ ಎದೆಮಟ್ಟದ ಒಂದು ಗೋಡೆ. ಅದರ ಮೇಲಿಂದ ಎಷ್ಟೋ ಬಟ್ಟಲು ಪಲ್ಲೆ ಆಚೆ ಹೋಗಿದೆ, ಎಷ್ಟೋ ಉಪ್ಪಿನಕಾಯಿ ಈಚೆ ಬಂದಿದೆ. ಕಾಕಾ ಖಾನಾಪುರದ ಕಡೆಯವರು. ಮನೆಯಲ್ಲಿ ಮರಾಠಿ, ಓಣಿಯಲ್ಲಿ ಕನ್ನಡ, ಸಿಟ್ಟು ಬಂದರೆ ಎರಡೂ. ಆದರೆ ಸಿಟ್ಟು ಬರುತ್ತಿದ್ದುದು ಕಡಿಮೆ.

ಉದ್ಯಮಬಾಗದ ಒಂದು ಫೌಂಡ್ರಿಯಲ್ಲಿ ಮೂವತ್ತು ವರ್ಷಕ್ಕೂ ಮಿಕ್ಕಿ ಅವರು ಪ್ಯಾಟರ್ನ್ ಮಾಡುವ ಕೆಲಸದಲ್ಲಿದ್ದರು. ಅದೇನು ಕೆಲಸ ಅಂತ ನನಗೂ ಮೊದಲು ಗೊತ್ತಿರಲಿಲ್ಲ. ಕಬ್ಬಿಣದ ಯಾವುದೇ ವಸ್ತು ಎರಕ ಹೊಯ್ಯುವ ಮುಂಚೆ ಅದನ್ನು ಕಟ್ಟಿಗೆಯಲ್ಲಿ ಕೆತ್ತಬೇಕಂತೆ. ಆ ಕಟ್ಟಿಗೆಯ ರೂಪವನ್ನು ಮರಳಿನಲ್ಲಿ ಒತ್ತಿ ಹೊರಗೆ ತೆಗೆದು, ಉಳಿದ ಜಾಗದಲ್ಲಿ ಕಾದ ಕಬ್ಬಿಣ ಸುರಿಯುವುದು. "ಕಬ್ಬಿಣ ಹುಟ್ಟೂಕ್ಕಿಂತ ಮೊದಲ ಕಟಗ್ಯಾಗ ಹುಟ್ಟಬೇಕು ಯವ್ವಾ" ಅನ್ನುತ್ತಿದ್ದರು. ಹೇಳುವಾಗ ಮೀಸೆಯ ಅಡಿಯಲ್ಲಿ ಒಂಚೂರು ಗತ್ತು ಇರುತ್ತಿತ್ತು.

ನಿವೃತ್ತಿಗೆ ಇನ್ನೂ ಎರಡು ವರ್ಷ ಇದ್ದಾಗ ಅಲ್ಲಿಗೆ ಕಂಪ್ಯೂಟರ್ ಮಷೀನು ಬಂತು. ಕಾಕಾ ವಾರಗಟ್ಟಲೆ ಕೆತ್ತುತ್ತಿದ್ದುದನ್ನು ಅದು ಒಂದು ದಿನದಲ್ಲಿ ಕೊರೆದು ಬಿಸಾಡುತ್ತಿತ್ತು. ಯಾರೂ ಅವರನ್ನು ತೆಗೆದುಹಾಕಲಿಲ್ಲ, ಬೈಯಲಿಲ್ಲ. ಸ್ಟೋರಿನಲ್ಲಿ ಒಂದು ಕುರ್ಚಿ ಹಾಕಿ, ಕುಂದರ್ರಿ, ಆರಾಮ ತಗೋರ್ರಿ ಅಂದರಂತೆ. ಅದೇ ಅವರಿಗೆ ನಾಟಿತ್ತು. "ಆರಾಮ ತಗೋ ಅಂದ್ರ ಏನರ್ಥ ಹೇಳು? ನಿನ್ನ ಕೈ ನಮಗ ಬ್ಯಾಡ ಅಂತ." ಎರಡು ವರ್ಷ ಆ ಕುರ್ಚಿಯಲ್ಲಿ ಕೂತು, ಹತಾರದ ಪೆಟ್ಟಿಗೆ ಹೊತ್ತುಕೊಂಡು ಮನೆಗೆ ಬಂದರು. ಗರಗಸ, ಕಟ್ಟಿಗೆ ಹೆರೆಯುವ ರಂಧಾ, ಗ್ರೈಂಡಿಂಗ್ ಸದ್ದಿನಲ್ಲಿ ಮೂವತ್ತು ವರ್ಷ ಕಳೆದ ಕಿವಿಗಳನ್ನು ಅಲ್ಲೇ ಬಿಟ್ಟು ಬಂದಿದ್ದರು. ಕಿವಿಗೊಂದು ಮಷೀನು ಇತ್ತು, ಆದರೆ ಅದು ಕಿವಿಯಲ್ಲಿರುವುದಕ್ಕಿಂತ ಅಂಗಿಯ ಕಿಸೆಯಲ್ಲಿರುತ್ತಿದ್ದುದೇ ಹೆಚ್ಚು.

ನಿವೃತ್ತಿಯಾದ ವರ್ಷ ದೀಪಾವಳಿ ಮುಗಿದ ಮೇಲೆ ಒಂದು ದಿನ ಟೆಂಪೋದಲ್ಲಿ ಬೋಟು ಬಂತು. ಯಾವುದೋ ಮುಚ್ಚಿಹೋದ ಬೋಟಿಂಗ್ ಕೆರೆಯದು, ಗುಜರಿ ಅಂಗಡಿಯಲ್ಲಿ ಮಗುಚಿ ಬಿದ್ದಿತ್ತಂತೆ. ಹತ್ತು ಫೂಟು ಉದ್ದ, ಫೈಬರ್‌ಗ್ಲಾಸಿನದು, ಒಂದು ಕಾಲದಲ್ಲಿ ಹಳದಿ ಇದ್ದಿರಬೇಕು. ಒಂದು ಪಕ್ಕ ಸೀಳಿತ್ತು, ಹಿಂದಿನ ಹಲಗೆ ಕೊಳೆತು ಒದ್ದೆ ಅವಲಕ್ಕಿಯಾಗಿತ್ತು, ಒಳಗೆ ಒಂದು ಬೇವಿನ ಸಸಿ ಬೇರು ಬಿಟ್ಟಿತ್ತು. ಓಣಿಯವರೆಲ್ಲ ಗೇಟಿಗೆ ಬಂದರು. ಎದುರು ಮನೆಯ ನಿವೃತ್ತ ಗುಮಾಸ್ತರು ಅಲ್ಲಿಂದಲೇ ಕೂಗಿದರು:

"ಏನ್ರೀ, ಸದಾಶಿವನಗರಕ್ಕ ಸಮುದ್ರ ಬರೂದೈತೇನ್ರೀ?"

"ಬಂದ್ರ ನಿಮ್ಮನ್ನ ಹತ್ತಿಸಿಕೊಳ್ಳಂಗಿಲ್ಲ, ಚಿಂತಿ ಮಾಡಬ್ಯಾಡ್ರಿ" ಅಂದರು ಕಾಕಾ.

ಕಾಕು ಮಾತ್ರ ಸೆರಗು ಸೊಂಟಕ್ಕೆ ಸಿಗಿಸಿಕೊಂಡು ನನ್ನ ಕಡೆ ತಿರುಗಿ, "ಮನ್ಯಾಗ ಒಂದು ಮುದುಕ ಸಾಲದಂತ ಇನ್ನೊಂದು ತಂದು ಇಟ್ಟಾರ ನೋಡವಾ" ಅಂದರು.

ನೆಪಕ್ಕೆ ಒಂದು ಕಾರಣ ಇತ್ತು. ಖಾನಾಪುರದ ಹತ್ತಿರ ಮಲಪ್ರಭೆಯ ದಂಡೆಯಲ್ಲಿ ಕಾಕಾರ ತಮ್ಮನ ಮನೆ. ಅವನ ಒಂದು ತುಂಡು ಭತ್ತದ ಗದ್ದೆ ನದಿಯ ಆಚೆ. ಬೇಸಿಗೆಯಲ್ಲಿ ಮೊಣಕಾಲುದ್ದ ನೀರು ತುಳಿದು ದಾಟಬಹುದು, ಮಳೆ ಹಿಡಿಯಿತೆಂದರೆ ಸೇತುವೆ ಸುತ್ತಿಕೊಂಡು ಹೋಗಬೇಕು. ಬೋಟು ಒಂದಿದ್ದರೆ ಮಳೆಗಾಲದಲ್ಲೂ ಮಳೆ ಬಿಟ್ಟ ದಿನ ಹತ್ತು ನಿಮಿಷದ ದಾರಿ. ಆದರೆ ಅದು ನೆಪ ಅಂತ ನನಗೆ ಬೇಗನೆ ತಿಳಿಯಿತು. ಒಂದು ದಿನ ಬೋಟಿನ ಒಳಗಿನ ಮಣ್ಣು ಕೆರೆಯುತ್ತ ಅವರೇ ಹೇಳಿದರು: "ಕೈ ಉಳದೈತೋ ಇಲ್ಲೋ ನೋಡಬೇಕು ಯವ್ವಾ. ಉಳದಿದ್ರ ಇದು ತೇಲತೈತಿ. ಇಲ್ಲಂದ್ರ ಫೌಂಡ್ರಿಯವರು ಅಂದಿದ್ದು ಖರೇ ಅನ್ನೂಣು."

ನನ್ನ ವಿಷಯವನ್ನೂ ಹೇಳಬೇಕು, ಇಲ್ಲದಿದ್ದರೆ ಮುಂದಿನದು ಅರ್ಥವಾಗುವುದಿಲ್ಲ. ಆಗ ನನ್ನ ಅತ್ತೆಗೆ ಪಾರ್ಶ್ವವಾಯು ಬಡಿದು ಹಾಸಿಗೆ ಹಿಡಿದು ಎರಡನೇ ವರ್ಷ. ಮನೆಯವರಿಗೆ ಹುಬ್ಬಳ್ಳಿಯಲ್ಲಿ ಕೆಲಸ, ಶನಿವಾರ ಸಂಜೆ ಬಂದು ಸೋಮವಾರ ನಸುಕಿನಲ್ಲಿ ಹೋಗುವವರು. ವಾರವಿಡೀ ಆಫೀಸು, ಅತ್ತೆ, ಅಡಿಗೆ; ಹಗಲು ನೋಡಿಕೊಳ್ಳಲು ಬರುತ್ತಿದ್ದ ಕೆಲಸದ ಹೆಂಗಸು ಬಾರದ ದಿನ ರಜೆ, ರಜೆ ಹಾಕಿದ ದಿನ ಸಾಹೇಬರ ಮುಖ. ಭಾನುವಾರ ಬೆಳಗ್ಗೆ ಮಾತ್ರ ಮನೆಯವರು ತಾಯಿಯ ಪಕ್ಕ ಕೂರುತ್ತಿದ್ದರು. ನನಗೆ ಎರಡು ತಾಸು ಸಿಗುತ್ತಿತ್ತು. ಬುದ್ಧಿ ಇದ್ದವರಾದರೆ ಮಲಗುತ್ತಿದ್ದರು. ನಾನು ಗೋಡೆಯಾಚೆ ಹೋಗಿ ಬೋಟಿನ ಹತ್ತಿರ ಕೂರುತ್ತಿದ್ದೆ.

ಮೊದಲ ಸಲ ಕರೆದವರು ಕಾಕಾರೇ. "ಯವ್ವಾ, ನಿನ್ನ ಕಿವಿ ಸ್ವಲ್ಪ ಕಡಾ ಕೊಡತೀ ಏನ?"

"ನನ್ನ ಕಿವಿ ತಗೊಂಡು ಏನ್ ಮಾಡ್ತೀರಿ ಕಾಕಾ?"

"ಬೋಟಿಂದು ಎದಿ ಪರೀಕ್ಷಾ ಮಾಡೂದೈತಿ. ಡಾಕ್ಟರು ಮಾಡ್ತಾರಲ್ಲ, ಹಂಗ."

ಫೈಬರ್‌ಗ್ಲಾಸ್ ಅಂದರೆ ಗಾಜಿನ ನಾರಿನ ಅರಿವೆಯನ್ನು ರೆಸಿನ್‌ನಲ್ಲಿ ತೋಯಿಸಿ ಒಂದರ ಮೇಲೊಂದು ಪದರು ಪದರಾಗಿ ಹಚ್ಚಿದ್ದು. ಹಳೆಯದಾದಾಗ, ನೀರು ಕುಡಿದಾಗ, ಪದರುಗಳು ಒಳಗೊಳಗೇ ಬಿಟ್ಟುಕೊಳ್ಳುತ್ತವೆ. ಮೇಲಿಂದ ನೋಡಿದರೆ ಏನೂ ಗೊತ್ತಾಗದು. ಬಡಿದು ಕೇಳಬೇಕು. ಸಂತೆಯಲ್ಲಿ ಮಡಕೆ ಬಡಿದು ಕೊಳ್ಳುವುದಿಲ್ಲವೇ, ಅದೇ ವಿದ್ಯೆ. ಗಟ್ಟಿ ಇದ್ದಲ್ಲಿ ಟಣ್ ಅನ್ನುತ್ತದೆ, ಪದರು ಬಿಟ್ಟಲ್ಲಿ ಡಬ್ ಅನ್ನುತ್ತದೆ. ಕಾಕಾರಿಗೆ ಎರಡೂ ಒಂದೇ. ಬೆರಳಿಂದ ಅಂದಾಜು ಮಾಡೋಣವೆಂದರೆ ಉಳಿ ಹಿಡಿದು ಹಿಡಿದು ತುದಿಗಳೆಲ್ಲ ದಡ್ಡುಗಟ್ಟಿದ್ದವು. ಕಿವಿಯ ಮಷೀನು ಹಾಕಿಕೊಂಡರೆ ಬಡಿದ ಸದ್ದು ತಲೆಯೊಳಗೆ ಸಿಡಿಲಿನಂತೆ ಕೇಳುತ್ತದೆ ಅನ್ನುತ್ತಿದ್ದರು.

ಹಾಗಾಗಿ ನಮ್ಮದೊಂದು ಪದ್ಧತಿ ಆಯಿತು. ಅವರು ಉಳಿಯ ಹಿಡಿಕೆಯಿಂದ ಬೋಟನ್ನು ಅಂಗುಲ ಅಂಗುಲವೂ ಬಡಿಯುತ್ತ ಹೋಗುವುದು, ಪ್ರತಿ ಏಟಿಗೂ ನನ್ನ ಕಡೆ ನೋಡುವುದು. ನಾನು ಅಂಗೈ ಕೆಳಗೆ ಮಾಡಿದರೆ ಗಟ್ಟಿ. ಕೈ ಅಲ್ಲಾಡಿಸಿದರೆ ಟೊಳ್ಳು. ಟೊಳ್ಳು ಅಂದಲ್ಲಿ ಅವರು ಕೆಂಪು ಪೆನ್ಸಿಲಿನಿಂದ ಒಂದು ಸುತ್ತು ಹಾಕುತ್ತಿದ್ದರು. ಆಮೇಲೆ ವಾರವೆಲ್ಲ ಕೂತು ಆ ಸುತ್ತಿನೊಳಗಿನ ಸತ್ತ ಪದರನ್ನು ಉಜ್ಜಿ ತೆಗೆದು, ಹೊಸ ಅರಿವೆ ಕತ್ತರಿಸಿ, ರೆಸಿನ್ ಹಚ್ಚಿ, ಗಾಳಿಗುಳ್ಳೆ ಉಳಿಯದಂತೆ ರೋಲರಿನಿಂದ ತೀಡುವುದು. ಮುಂದಿನ ಭಾನುವಾರ ಮತ್ತೆ ಬಡಿದು ನೋಡುವುದು. ಮೊದಲ ದಿನ ಆ ಬೋಟಿನ ಮೈತುಂಬ ಕೆಂಪು ಸುತ್ತುಗಳು. ಕಾಕು ನೋಡಿ, "ಅಮ್ಮ ಎದ್ದಂಗ ಆಗೇತಲ್ಲ ಇದಕ್ಕ" ಅಂದಿದ್ದರು.

ಆ ಎರಡು ತಾಸು ನನಗೆ ಯಾಕೆ ಹಿಡಿಸಿತು ಅಂತ ಈಗ ಯೋಚಿಸುತ್ತೇನೆ. ಉಳಿದೆಲ್ಲ ಕಡೆ ಎಲ್ಲರೂ ನನ್ನನ್ನು ಏನೇನೋ ಕೇಳುವವರೇ. ಔಷಧ ಎಲ್ಲಿ, ಫೈಲು ಎಲ್ಲಿ, ಸಾರಿಗೆ ಉಪ್ಪು ಯಾಕಿಲ್ಲ. ಅಲ್ಲಿ ಒಂದೇ ಪ್ರಶ್ನೆ: ಗಟ್ಟಿಯೋ, ಟೊಳ್ಳೋ. ಬಾಯಿ ಕೂಡ ತೆರೆಯಬೇಕಿರಲಿಲ್ಲ.

ರೆಸಿನ್‌ಗೆ ಹಾರ್ಡನರ್ ಸೇರಿಸಿದರೆ ಬೆಂಕಿಯಿಲ್ಲದೆ ಅದು ತಾನೇ ಬಿಸಿಯಾಗುತ್ತದೆ. ಇದು ಕಾಕಾರಿಗೆ ಬಹಳ ಇಷ್ಟ. ಒಮ್ಮೆ ಹೆಚ್ಚು ಹಾಕಿ ಕಾಕುವಿನ ಪ್ಲಾಸ್ಟಿಕ್ ಮಗ್ಗು ಹೊಗೆಯಾಡಿ ಕರಗಿಹೋಯಿತು. ಮಗ್ಗು ಹೋದದ್ದಕ್ಕೆ ಕಾಕು ಬೈಯುತ್ತಿದ್ದರೆ ಇವರು ಮಷೀನು ಕಿಸೆಗೆ ಹಾಕಿಕೊಂಡು, "ಭಟ್ಟಿ ಇಲ್ಲದ ಕಾದೈತಿ ನೋಡವಾ, ಭಟ್ಟಿ ಇಲ್ಲದ!" ಅಂತ ನನಗೆ ತೋರಿಸುತ್ತಿದ್ದರು. ಗಾಜಿನ ಪುಡಿಯಿಂದ ಮೈಯೆಲ್ಲ ತುರಿಕೆ. ಅವರ ಅಂಗಿ ಬನಿಯನ್ನು ಕಾಕು ಬೇರೆ ಬಕೆಟ್ಟಿನಲ್ಲಿ ಒಗೆಯುತ್ತಿದ್ದರು. ನನ್ನ ಸೀರೆಗೂ ಹತ್ತಿಕೊಂಡು ಬರುತ್ತಿತ್ತು. ರಾತ್ರಿಯೆಲ್ಲ ಕೆರೆದುಕೊಂಡು ಸೋಮವಾರ ಆಫೀಸಿಗೆ ಹೋಗುತ್ತಿದ್ದೆ.

ಯುಗಾದಿಯ ಹೊತ್ತಿಗೆ ಕೆಂಪು ಸುತ್ತುಗಳು ಬೆರಳೆಣಿಕೆಗೆ ಬಂದವು. ಹಿಂದಿನ ಕೊಳೆತ ಹಲಗೆಯನ್ನು ಬದಲಿಸಿ, ಕೂರುವ ಅಡ್ಡಹಲಗೆಗಳನ್ನು ಮಾಡಲು ಶುರುಮಾಡಿದರು. ಇದು ಅವರ ಸ್ವಂತ ವಿದ್ಯೆ, ಕಟ್ಟಿಗೆ. ಹಳೆಯ ಸಾಗವಾನಿ ಬಾಗಿಲಿನಿಂದ ಎರಡು ಹಲಗೆ ಕೊಯ್ದು, ರಂಧಾ ಹೊಡೆದು, ಕನ್ನಡಿಯ ಹಾಗೆ ನುಣುಪು ಮಾಡಿ, ಭಾನುವಾರ ನನ್ನೆದುರಿಗೇ ಕೂಡಿಸಲು ಹೋದರು. ಕೂಡಲಿಲ್ಲ. ಎರಡೂ ಅರ್ಧ ಇಂಚು ಉದ್ದ.

ಕಾಕಾ ಮತ್ತೆ ಅಳತೆ ಹಿಡಿದರು. ಆಮೇಲೆ ಕೈಯಲ್ಲಿದ್ದ ಹಿತ್ತಾಳೆಯ ಪಟ್ಟಿಯನ್ನೇ ನೋಡುತ್ತ ನಿಂತರು. ಅದು ಫೌಂಡ್ರಿಯ ಅಳತೆಪಟ್ಟಿ. ಕಾದ ಕಬ್ಬಿಣ ಆರುವಾಗ ಕುಗ್ಗುತ್ತದೆ ಅಂತ ಪ್ಯಾಟರ್ನಿನವರ ಅಳತೆಪಟ್ಟಿಯಲ್ಲಿ ಇಂಚುಗಳೇ ಸ್ವಲ್ಪ ಉದ್ದ ಇರುತ್ತವಂತೆ, ಫೂಟಿಗೆ ಇಂಚಿನ ಎಂಟನೆಯ ಒಂದು ಪಾಲಿನಷ್ಟು. ನಾಲ್ಕು ಫೂಟಿನ ಹಲಗೆಗೆ ಅರ್ಧ ಇಂಚು. ಬೋಟನ್ನು ಅಳೆದದ್ದು ಪೆಟ್ಟಿಗೆಯ ಸಾದಾ ಟೇಪಿನಿಂದ. ಹಲಗೆಗೆ ಗುರುತು ಹಾಕುವಾಗ ಕೈ ತಾನಾಗಿ ಹಳೆಯದನ್ನೇ ಎತ್ತಿಕೊಂಡಿತ್ತು.

ನಾನು ನಕ್ಕೆ. ಅವರು ನಗಲಿಲ್ಲ. "ಇದು ಕಬ್ಬಿಣ ಅಲ್ಲ ಅಂತ ನನಗ ಗೊತ್ತೈತಿ" ಅಂದರು. "ನನ್ನ ಕೈಗೆ ಗೊತ್ತಿಲ್ಲ."

ಹಲಗೆಯನ್ನು ಕೊಯ್ದು ಸರಿ ಮಾಡಲು ಐದು ನಿಮಿಷ ಸಾಕಾಯಿತು. ಆದರೆ ಆ ದಿನದಿಂದ ಅವರ ಕೆಲಸದಲ್ಲಿ ಒಂದು ಅನುಮಾನ ಸೇರಿಕೊಂಡಿತು. ಮೊದಲು ಒಂದು ಸಲ ಬಡಿದು ಮುಂದೆ ಹೋಗುತ್ತಿದ್ದವರು ಮೂರು ಮೂರು ಸಲ ಬಡಿಯತೊಡಗಿದರು. ಗಟ್ಟಿ ಅಂತ ನಾನು ಕೈ ಮಾಡಿದ ಮೇಲೂ, ಹೌದಾ, ಅಂತ ಕಣ್ಣಲ್ಲೇ ಕೇಳುತ್ತಿದ್ದರು. ನನ್ನ ಕೈ ಕೆಳಗೆ ಆದಾಗ ಅವರ ಮುಖದಲ್ಲಿ ಬರುತ್ತಿದ್ದ ಸಮಾಧಾನ ಇದೆಯಲ್ಲ, ಅದು ನನಗೆ ಈಗಲೂ ಕಣ್ಣಿಗೆ ಕಟ್ಟಿದ ಹಾಗಿದೆ.

ಮೇ ತಿಂಗಳು ಮುಗಿಯುತ್ತ ಬಂತು. ಮಿರಗ ಕೂಡುವುದರೊಳಗೆ, ಅಂದರೆ ಮೃಗಶಿರಾ ಮಳೆ ಶುರುವಾಗುವುದರೊಳಗೆ ಬೋಟು ನೀರಿಗಿಳಿಯಬೇಕು ಅಂತ ಕಾಕಾರ ಹಟ. ಬೆಳಗಾವಿಯ ಮಳೆ ಹಿಡಿದರೆ ಬಿಡುವಂಥದ್ದಲ್ಲ, ಆ ತಂಪಿನಲ್ಲಿ ರೆಸಿನ್ ಗಟ್ಟಿಯಾಗದೆ ಬೆಲ್ಲದ ಪಾಕದಂತೆ ಅಂಟಂಟಾಗಿ ಉಳಿದುಬಿಡುತ್ತದೆ. ಆ ವಾರ ನಮ್ಮ ಮನೆಯಲ್ಲಿ ಅತ್ತೆಗೆ ಬೆನ್ನಿನ ಹುಣ್ಣು ಹೆಚ್ಚಾಗಿತ್ತು. ಹಗಲು ಬರುವ ಹೆಂಗಸು ಊರಿಗೆ ಹೋದವಳು ಬಂದಿರಲಿಲ್ಲ. ನಾನು ನಾಲ್ಕು ದಿನದಿಂದ ಸರಿಯಾಗಿ ಕಣ್ಣು ಮುಚ್ಚಿರಲಿಲ್ಲ. ಇದೆಲ್ಲ ನೆಪ ಅಂತ ಯಾರಾದರೂ ಅಂದರೆ, ಅನ್ನಲಿ. ನಾನೂ ಎಷ್ಟೋ ಸಲ ಅಂದುಕೊಂಡಿದ್ದೇನೆ.

ಭಾನುವಾರ ಕಾಕಾ ಕರೆದರು. ನೀಲಿ ಬಣ್ಣದ ಡಬ್ಬಿ ತಂದಿಟ್ಟಿದ್ದರು. "ಹಚ್ಚೂಕ್ಕಿಂತ ಮೊದಲ ಒಂದು ಸಲ, ಕಡೀ ಸಲ, ಪೂರಾ ನೋಡಿಬಿಡೂಣು ಯವ್ವಾ." ಬೋಟನ್ನು ಮಗುಚಿ ಹಾಕಿದ್ದರು. ನಾನು ಸ್ಟೂಲಿನ ಮೇಲೆ ಕೂತೆ. ಬಡಿಯುತ್ತ ಬಂದರು. ಟಣ್, ಟಣ್, ಟಣ್. ನನ್ನ ಅಂಗೈ ಕೆಳಗೆ, ಕೆಳಗೆ, ಕೆಳಗೆ. ಹಿಂದಿನ ಹಲಗೆಗೆ ಇನ್ನೇನು ಒಂದು ಮೊಳ ಇದೆ ಅನ್ನುವಾಗ, ತಳದ ಅಗಲದ ನಟ್ಟನಡುವೆ, ಡಬ್ ಅಂದಿತು.

ಅಂಗೈಯಗಲದ ಜಾಗ. ಹಿಂದೆ ಒಮ್ಮೆ ತೇಪೆ ಹಚ್ಚಿದ್ದೇ. ಒಳಗಿನ ಹಳೆಯ ಪದರು ಆಮೇಲೆ ಬಿಟ್ಟುಕೊಂಡಿರಬೇಕು. ನನಗೆ ಸ್ಪಷ್ಟವಾಗಿ ಕೇಳಿಸಿತು. ಕೇಳಿಸಲಿಲ್ಲ ಅಂತ ನನಗೆ ನಾನು ಸುಳ್ಳು ಹೇಳಿಕೊಳ್ಳಲಾರೆ. ಅದರ ಜೊತೆಗೇ ಇನ್ನೂ ಏನೇನೋ ಕೇಳಿಸಿತು... ಮತ್ತೆ ಉಜ್ಜುವುದು, ಮತ್ತೆ ಅರಿವೆ, ಮತ್ತೆ ಇನ್ನೆರಡು ಭಾನುವಾರ, ಅಷ್ಟರಲ್ಲಿ ಮಳೆ, ಮಳೆ ಬಂದರೆ ದೀಪಾವಳಿಯವರೆಗೆ ಇದು ಹೀಗೇ, ನಾನು ಹೀಗೇ ಸ್ಟೂಲಿನ ಮೇಲೆ. ಏನಾದರೂ ಒಂದು ಮುಗಿಯಲಿ ಅನಿಸಿತ್ತು ನನಗೆ. ನನ್ನ ಜೀವನದಲ್ಲಿ ಆಗ ಯಾವುದೂ ಮುಗಿಯುತ್ತಿರಲಿಲ್ಲ.

ಕಾಕಾ ನೋಡಿದರು. ನಾನು ಅಂಗೈ ಕೆಳಗೆ ಮಾಡಿದೆ.

ಅವರು ಇನ್ನೊಮ್ಮೆ ಅಲ್ಲೇ ಬಡಿದರು. ಮತ್ತೆ ನೋಡಿದರು. ನಾನು ಮತ್ತೆ ಅಂಗೈ ಕೆಳಗೆ ಮಾಡಿದೆ. ಅವರ ಮುಖದಲ್ಲಿ ಆ ಸಮಾಧಾನ ಬಂತು. ಮುಂದೆ ಹೋದರು. ಆ ಮಧ್ಯಾಹ್ನವೇ ಬಣ್ಣ ಹಚ್ಚಿದರು.

ಮುಂದಿನ ಭಾನುವಾರ ಬೆಳಗ್ಗೆ ಟೆಂಪೋದಲ್ಲಿ ಬೋಟು ಹೇರಿಕೊಂಡು ಖಾನಾಪುರಕ್ಕೆ ಹೋದೆವು. ಮನೆಯವರು ತಾಯಿಯ ಹತ್ತಿರ ಉಳಿದರು. ನಾನು, ಕಾಕು ಟೆಂಪೋದ ಮುಂದೆ, ಕಾಕಾ ಹಿಂದೆ ಬೋಟಿನ ಪಕ್ಕದಲ್ಲಿ, ಹೊಸ ಅಂಗಿ ತೊಟ್ಟು. ಆ ದಿನ ಕಿವಿಯ ಮಷೀನನ್ನೂ ಹಾಕಿಕೊಂಡಿದ್ದರು. ನದಿಯಲ್ಲಿ ಬಾಂದಾರದ, ಅಂದರೆ ಸಣ್ಣ ಒಡ್ಡಿನ, ಹಿಂದೆ ನಿಂತ ನೀರು, ಅಷ್ಟೇನೂ ಆಳವಿಲ್ಲ. ಕಾಕಾರ ತಮ್ಮ, ಅಕ್ಕಪಕ್ಕದ ಹೊಲದವರು, ಬಟ್ಟೆ ಒಗೆಯಲು ಬಂದ ಹೆಂಗಸರು, ಎಲ್ಲ ಸೇರಿ ಒಂದಿಪ್ಪತ್ತು ಮಂದಿ. ಕಾಕು ಬೋಟಿಗೆ ಅರಿಷಿಣ ಕುಂಕುಮ ಹಚ್ಚಿ, ತಂಬಿಗೆಯ ನೀರು ಚಿಮುಕಿಸಿ, ಕಾಯಿ ಒಡೆದರು. ಬೈಯುತ್ತಲೇ ಬಂದಿದ್ದ ಕಾಕುವಿನ ಕಣ್ಣು ತುಂಬಿದ್ದನ್ನು ಆ ದಿನ ನೋಡಿದೆ.

ಬೋಟು ತೇಲಿತು. ಅಣ್ಣ ತಮ್ಮ ಇಬ್ಬರೂ ಹತ್ತಿ ಕೂತು ಹುಟ್ಟು ಹಾಕಿದರು. ಕಾಕಾ ನಮ್ಮ ಕಡೆ ತಿರುಗಿ ಕೈ ಎತ್ತಿದರು. ನಾನೂ ಎತ್ತಿದೆ. ಏನೂ ಆಗುವುದಿಲ್ಲ ಬಿಡು, ಅಂಗೈಯಗಲದ್ದು, ಅಂದುಕೊಂಡೆ. ನದಿಯ ನಡುವಿಗೆ ಹೋಗುವ ಹೊತ್ತಿಗೆ ತಮ್ಮ ಬಗ್ಗಿ ಏನೋ ನೋಡಿದ. ಆಮೇಲೆ, "ಅಣ್ಣಾ, ಪಾಣಿ!" ಅಂದ. ಹಿಂದಿನ ಅಡ್ಡಹಲಗೆಯ ಕೆಳಗಿಂದ ನೀರು ಏರುತ್ತಿತ್ತು. ಗಾಬರಿಯಾಗುವಷ್ಟೇನಲ್ಲ. ತಮ್ಮನು ಅಂಗೈಯಿಂದಲೇ ನೀರು ಎತ್ತಿ ಚೆಲ್ಲುತ್ತ, ಕಾಕಾ ಹುಟ್ಟು ಹಾಕುತ್ತ, ಮೊಣಕಾಲಿನವರೆಗೆ ತೋಯಿಸಿಕೊಂಡು ದಂಡೆಗೆ ಬಂದರು. ಬಟ್ಟೆ ಒಗೆಯುವ ಹೆಂಗಸರು ನಕ್ಕರು. ಕೆಟ್ಟದಾಗಿಯಲ್ಲ, ಯಾರಾದರೂ ಕೆಸರಲ್ಲಿ ಜಾರಿದರೆ ನಗುವ ಹಾಗೆ.

ಬೋಟು ಮಗುಚಿ ನೋಡಿದರು. ನೀಲಿ ಬಣ್ಣ ಅಂಗೈಯಗಲ ಎದ್ದು, ಅದರಡಿಯ ಪದರು ಹಳಸಿದ ಚಪಾತಿಯ ಹಾಗೆ ಬಿಟ್ಟುಕೊಂಡಿತ್ತು. ಕಾಕಾ ಅದರೊಳಗೆ ಬೆರಳು ತೂರಿಸಿದರು. ತಮ್ಮ, "ಇರಲಿ ಬಿಡೋ ಅಣ್ಣಾ, ಇನ್ನೊಂದು ತ್ಯಾಪಿ ಹಚ್ಚಿದ್ರ ಆತು" ಅಂದ. ಕಾಕಾ ಬೆರಳು ತೆಗೆದು, ಎರಡೂ ಕೈಗಳನ್ನು ಮುಂದೆ ಹಿಡಿದು ನೋಡಿಕೊಂಡರು.

"ನನ್ನ ಕೈ ಹೋತು ಯವ್ವಾ" ಅಂದರು. ನನಗೇ ಅಂದರು. "ಕಿವಿ ಹೋದಾಗ ಇಷ್ಟ ಕೆಟ್ಟ ಅನಿಸಿದ್ದಿಲ್ಲ."

ಆಗ ಹೇಳಬೇಕಿತ್ತು. ಕಾಕಾ, ನಿಮ್ಮ ಕೈ ಅಲ್ಲ, ನನ್ನ ಕಿವಿ. ಆರೇ ಮಾತು. ಅವರು ಮಷೀನನ್ನೂ ಹಾಕಿಕೊಂಡಿದ್ದರು. ಇಪ್ಪತ್ತು ಮಂದಿ ಸುತ್ತ ನಿಂತಿದ್ದರು ಅಂತ ಸುಮ್ಮನಾದೆ. ಟೆಂಪೋದಲ್ಲಿ ಹೇಳೋಣ ಅಂದುಕೊಂಡೆ. ಅಲ್ಲಿ ಕಾಕು ಇದ್ದರು. ಮನೆಗೆ ಬಂದ ಮೇಲೆ ಹೇಳೋಣ ಅಂದುಕೊಂಡೆ. ಅತ್ತೆಗೆ ಜ್ವರ ಬಂದಿತ್ತು. ಮಿರಗ ಕೂಡಿತು, ಮಳೆ ಹಿಡಿಯಿತು. ಬೋಟು ಖಾನಾಪುರದಲ್ಲೇ ತಮ್ಮನ ಹಿತ್ತಲಲ್ಲಿ ಬೋರಲು ಬಿತ್ತು.

ಕಾಕಾ ಅಮಾವಾಸ್ಯೆಗೆ ಹತಾರ ಮುಟ್ಟುತ್ತಿರಲಿಲ್ಲ. ಅವರ ತಂದೆಯ ಕಾಲದಿಂದ ಬಂದ ನಡೆ: ಅಮಾಸಿಗೆ ಎಲ್ಲ ತೊಳೆದು, ಒರೆಸಿ, ಕುಂಕುಮ ಹಚ್ಚಿ ಗೋಡೆಯ ಹಲಗೆಯ ಮೇಲೆ ಇಡುವುದು, ಪಾಡ್ಯಕ್ಕೆ ಮತ್ತೆ ಇಳಿಸುವುದು. ಆ ಸಲದ ಅಮಾಸಿಗೂ ಇಟ್ಟರು. ಪಾಡ್ಯ ಬಂತು, ಬಿದಿಗೆ ಬಂತು. ಇಳಿಸಲಿಲ್ಲ. ಆ ಮಳೆಗಾಲದಲ್ಲಿ ಅವರ ಮನೆಯ ಮುಂಬಾಗಿಲು ಉಬ್ಬಿ ಬಿಗಿಯಿತು. ಎಳೆದರೆ ಇಡೀ ಓಣಿಗೆ ಕಿರುಗುಡುತ್ತಿತ್ತು. ಒಂದು ದಿನ ನೋಡುತ್ತೇನೆ, ಹೊರಗಿನ ಬಡಿಗ ಬಂದು ಬಾಗಿಲಿಗೆ ರಂಧಾ ಹೊಡೆಯುತ್ತಿದ್ದಾನೆ. ಕಾಕಾ ಪಡಸಾಲೆಯ ಕುರ್ಚಿಯಲ್ಲಿ ಅವನಿಗೆ ಬೆನ್ನು ಮಾಡಿ ಕೂತಿದ್ದಾರೆ. ಬಡಿಗ ಎರಡು ಸಲ ಏನೋ ಕೇಳಿದ. ಅವರು ತಿರುಗಲಿಲ್ಲ.

ನಾನು ಹೇಳಲೇ ಇಲ್ಲ ಅಂತಲ್ಲ. ಅದು ಇನ್ನೂ ನಾಚಿಕೆಗೇಡಿನ ಸಂಗತಿ. ಮರುವರ್ಷ ಒಂದು ಸಂಜೆ ಹೋದೆ. ಕಾಕು ಪೇಟೆಗೆ ಹೋಗಿದ್ದರು. ಕಾಕಾ ಪಡಸಾಲೆಯಲ್ಲಿ ಒಬ್ಬರೇ. ಕಿವಿಯ ಮಷೀನು ಕಿಟಕಿಯ ಕಟ್ಟೆಯ ಮೇಲೆ ಇತ್ತು. ನಾನು ಅದನ್ನು ನೋಡಿದೆ. ನೋಡಿಯೇ ಶುರುಮಾಡಿದೆ. ತಳದ ಆ ಜಾಗ, ಡಬ್ ಅಂದದ್ದು, ನಾನು ಅಂಗೈ ಕೆಳಗೆ ಮಾಡಿದ್ದು, ಎಲ್ಲ ಒಂದೇ ಉಸಿರಿಗೆ ಹೇಳಿದೆ. ಅವರು ನನ್ನ ತುಟಿ ನೋಡುತ್ತ, ಹೂಂ, ಹೂಂ ಅಂದರು. ಕೊನೆಗೆ, "ಇರಲಿ ಯವ್ವಾ, ಹಾಸಿಗಿ ಹಿಡದವ್ರದು ಹಂಗ. ಅತ್ತಿಯವರಿಗೆ ಈಗ ಹೆಂಗೈತಿ?" ಅಂದರು.

"ಆರಾಮ ಅದಾರ" ಅಂದೆ.

ಕೈಯಳತೆಯಲ್ಲಿತ್ತು ಆ ಮಷೀನು. ಎತ್ತಿ ಅವರ ಕೈಗೆ ಕೊಟ್ಟು ಮತ್ತೊಮ್ಮೆ ಹೇಳಬಹುದಿತ್ತು. ಹೇಳಿದ್ದೇನಲ್ಲ, ಹೇಳಿದ್ದೇನಲ್ಲ, ಅಂತ ಮನಸ್ಸಿಗೆ ಸಮಾಧಾನ ಮಾಡಿಕೊಳ್ಳುತ್ತ ಮನೆಗೆ ಬಂದೆ. ಬೋಟು ನೀರು ಕುಡಿದ ಮೇಲೆ ಹತ್ತಿರ ಹತ್ತಿರ ಮೂರು ವರ್ಷ ಬದುಕಿದ್ದರು ಅವರು. ಮೂರನೆಯ ಚಳಿಗಾಲದಲ್ಲಿ ಒಂದು ಬೆಳಗ್ಗೆ ಚಹಾ ಕುಡಿದು ಲೋಟ ಕೆಳಗಿಟ್ಟವರು ಮತ್ತೆ ಏಳಲಿಲ್ಲ. ಅದರ ಮುಂದಿನ ವರ್ಷ ಅತ್ತೆಯೂ ಹೋದರು. ನನಗೆ ಈಗ ಭಾನುವಾರ ಪೂರ್ತಿ ಬಿಡುವು. ಮಲಗಿದರೆ ನಿದ್ದೆ ಬರುವುದಿಲ್ಲ.

ಹೋದ ವಾರ ತರಕಾರಿ ಚೀಲವನ್ನು ಕಟ್ಟೆಯ ಮೇಲಿಟ್ಟು, ಒಳಗೂ ಹೋಗದೆ, ನೇರ ಕಾಕುವಿನ ಮನೆಗೆ ಹೋದೆ. ಕಾಕುವಿಗೆ ಈಗ ಎಪ್ಪತ್ತರ ಮೇಲೆ. ಮಗಳು, ಅಳಿಯ ಜೊತೆಗಿದ್ದಾರೆ. ಅವರಿನ್ನೂ ಕೆಲಸದಿಂದ ಬಂದಿರಲಿಲ್ಲ. ಕಾಕು ನೆಲದ ಮೇಲೆ ಕಾಲು ಚಾಚಿ ಕೂತು ಮೆಂತ್ಯೆ ಪಲ್ಲೆ ಸೋಸುತ್ತಿದ್ದರು. ನಾನೂ ಎದುರಿಗೆ ಕೂತು ಒಂದು ಸೂಡು ಎತ್ತಿಕೊಂಡೆ. ಎಲೆ ಬಿಡಿಸುತ್ತ ಬಿಡಿಸುತ್ತ ಹೇಳಿದೆ. ಈ ಸಲ ಒಂದೇ ಉಸಿರಿಗೆ ಅಲ್ಲ. ಏನನ್ನೂ ಬಿಡದೆ ಹೇಳಿದೆ, ಕಿಟಕಿಯ ಕಟ್ಟೆಯ ಮೇಲಿನ ಮಷೀನನ್ನೂ ಸೇರಿಸಿ.

ಕಾಕುವಿನ ಕೈ ನಿಂತಿತು. "ಗಟ್ಟಿ ಐತಿ ಅಂತ ಕೈ ಮಾಡಿದಿ?"

"ಹೂಂ ಕಾಕು."

ನಾನು ಅಳು ಬರಬಹುದು, ಬೈಗುಳ ಬರಬಹುದು ಅಂತ ಕಾದೆ. ಎರಡೂ ಬರಲಿಲ್ಲ. ಬೇರೆಯವರ ಮನೆಯ ಸುದ್ದಿ ಹೇಳುವ ಹಾಗೆ ಮೆಲ್ಲಗೆ ಶುರುಮಾಡಿದರು.

"ಆ ಮೂರು ವರ್ಷ ನಾ ಏನೇನ್ ಮಾಡೀನಿ ಗೊತ್ತೈತೇನ ನಿನಗ? ಚಪಾತಿ ಮಣಿ ಕಾಲು ನಾನ ಮುರದೆ, ಕಲ್ಲಿಲೆ ಜಜ್ಜಿ. ಮಣಿ ಅಳ್ಳಾಡತೈತಿ, ಕಾಲು ಕೂಡಿಸಿ ಕೊಡ್ರಿ ಅಂದೆ. ಒಂದು ಕಾಲು ಮಾಡಾಕರೆ ಎದ್ದು ಹತಾರಾ ಇಳಸ್ತಾರ ಅಂತ. ಚೀಲಾ ತಗೊಂಡು ಹೋಗಿ ಪ್ಯಾಟ್ಯಾಗಿಂದು ಹೊಸಾ ಮಣಿ ತಂದ್ರು. ಅದರದೂ ಮುರದೆ. ಮತ್ತೊಂದು ತಂದ್ರು."

ನನ್ನ ಕೈಯಲ್ಲಿದ್ದ ಮೆಂತ್ಯೆ ಹಾಗೇ ಉಳಿಯಿತು.

"ನೀ ದಣದಿದ್ದಿ. ಅದು ನನಗ ಗೊತ್ತೈತಿ. ಈ ಗ್ವಾಡಿ ಮ್ಯಾಲಿಂದ ನಾ ನೋಡಿಲ್ಲೇನ ನಿನ್ನ ಪಾಡು? ಆ ದಿನ ದಣದು ಕೈ ಮಾಡಿದಿ, ಆತು, ತಿಳಕೋತೀನಿ." ಕಾಕು ನನ್ನ ಮುಖ ನೋಡಿದರು. "ಮೂರೂ ವರ್ಷ ದಣದಿದ್ದೇನ ತಂಗಿ?"

ಸೋಸಿದ ಎಲೆಗಳನ್ನು ಅವರ ಬುಟ್ಟಿಗೆ ಹಾಕಿ ಎದ್ದೆ. ಕಾಕು ಇನ್ನೊಂದು ಸೂಡು ಎತ್ತಿಕೊಂಡು ಸೋಸತೊಡಗಿದರು. ಬಾಗಿಲಲ್ಲಿ ಚಪ್ಪಲಿ ಹಾಕಿಕೊಳ್ಳುತ್ತ ಬೇಕಂತಲೇ ಸ್ವಲ್ಪ ತಡ ಮಾಡಿದೆ. ಚಹಾ ಕುಡಿದು ಹೋಗು ಅಂತ ಅವರು ಅನ್ನಲಿಲ್ಲ. ಆ ಮನೆಯಿಂದ ಚಹಾ ಕುಡಿಯದೆ ನಾನು ಹೊರಬಿದ್ದದ್ದು ಅದೇ ಮೊದಲು.